ಕಾಗದಕ್ಕೂ ಒಂದು ಸಾರಿ

ಪಕ್ಕದ್ಮನೆಗೆ ಕಳ್ಳರು ನುಗ್ಗಿದ ಮೇಲೆ, ನಾನೂ ಪಿಸ್ತೂಲು ಹಿಡಿಯೋದು ಕಲಿಯೋಣ ಅಂತ ಕಿಲ್ಕೆನ್ನಿ ಹತ್ತಿರದ ಶೂಟಿಂಗ್ ಕ್ಲಬ್ಬಿಗೆ ಹೋದೆ. "ಮನೆ ಕಾಯೋಕೆ" ಅಂದಿದ್ದೇ ತಡ, ಕಲಿಸೋ ನೋರಾ ಹುಬ್ಬು ಗಂಟಿಕ್ಕಿದರು. "ಐರ್ಲೆಂಡಲ್ಲಿ ಆ ಕಾರಣಕ್ಕೆ ಲೈಸೆನ್ಸ್ ಕೊಡಲ್ಲ ಡಾಕ್ಟ್ರೇ. ಇಲ್ಲಿ ಕಾಗದಕ್ಕೆ ಮಾತ್ರ ಹೊಡೀಬೇಕು."

ಸರಿ, ಕಾಗದಕ್ಕೇ ಗುರಿಯಿಟ್ಟೆ. ದಿನಾ ಆಸ್ಪತ್ರೆಯಲ್ಲಿ ಸೂಜಿ ಚುಚ್ಚೋ ಕೈ ಕ್ಲಬ್ಬಿನ ಹೊಸ ಪಿಸ್ತೂಲು ಹಿಡೀತು. ಟ್ರಿಗರ್ ಒತ್ತೋ ಮುಂಚೆ, ಅಭ್ಯಾಸ ನೋಡಿ, ಬಾಯಿ ತಾನಾಗೇ ಅಂತು: "ಸಾರಿ, ಸ್ವಲ್ಪ ಚುಚ್ಚುತ್ತೆ. ಉಸಿರು ಬಿಡಿ."

ಗುಂಡು ಎಲ್ಲಿಗೆ ಹೋಯ್ತೋ, ಕಾಗದ ಆರಾಮಾಗಿತ್ತು.

ನೋರಾ ಪಿಸ್ತೂಲು ವಾಪಸ್ ತಗೊಂಡು, "ಗ್ರ್ಯಾಂಡ್, ಪರ್ವಾಗಿಲ್ಲ, ನಿಮ್ಮನೆಗೆ ಬರೋ ಕಳ್ಳನಿಗೇನೂ ಭಯವಿಲ್ಲ" ಅಂದರು.

ಭಯ ನನಗೆ. ಬಂದವನನ್ನ ಕೂರಿಸಿ ಬಿಪಿ ನೋಡ್ಬಿಡ್ತೀನೇನೋ ಅಂತ.