ಯಾರ ಊರೋ ಅವರ ಜೇಬು

ನಾವು ನಾಲ್ವರು ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಈಗ ನಾಲ್ಕು ತಾಲ್ಲೂಕಿಗೆ ಹಂಚಿಹೋಗಿದ್ದೇವೆ. ನಾನು ಶ್ರೀರಂಗಪಟ್ಟಣದ ಪಕ್ಕ ಪಾಲಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಒಬ್ಬ ಪಾಂಡವಪುರ ಕಡೆಯ ತೊಣ್ಣೂರಿನವನು, ಒಬ್ಬ ನಾಗಮಂಗಲದವನು. ಇನ್ನೊಬ್ಬ ಕೆ.ಆರ್.ಪೇಟೆ ಕಡೆಯ ಶೀಳನೆರೆಯವನು, ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾನೆ. ತಿಂಗಳಿಗೊಂದು ಭಾನುವಾರ ಸರದಿಯಂತೆ ಒಬ್ಬೊಬ್ಬರ ಕಡೆ ಸೇರುತ್ತೇವೆ. ಯಾರ ಊರೋ ಅವರ ಜೇಬು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಯಾರೂ ಮೀರಿರಲಿಲ್ಲ.

ಹಾಗಂತ ಬಂದವರು ತಿಂದು ಕೈತೊಳೆದು ಸುಮ್ಮನೆ ಎದ್ದರೆ ಆಗುತ್ತದೆಯೇ? ಜಗಳ ಆಡಲೇಬೇಕು. ಬಿಲ್ಲು ಬಂದ ಕೂಡಲೇ ಮೂವರೂ ಜೇಬಿಗೆ ಕೈ ಹಾಕಬೇಕು. ಊರಿನವನು ಒಬ್ಬನ ಕೈ ಹಿಡಿದು, ಇನ್ನೊಬ್ಬನನ್ನು ಭುಜದಿಂದ ನೂಕಿ, ಮೂರನೆಯವನನ್ನು ಬೈದು, ಗಲ್ಲಾದವನಿಗೆ ತಾನೇ ಕೊಡಬೇಕು. ಒಮ್ಮೆ ನಾಗಮಂಗಲದಲ್ಲಿ ನನ್ನ ಶರಟಿನ ಜೇಬೇ ಕಿತ್ತು ಬಂದಿತ್ತು. ಆ ಶರಟನ್ನು ಇವತ್ತಿಗೂ ಹೊಲಿಸಿಲ್ಲ, ಎಸೆದೂ ಇಲ್ಲ.

ಆಮೇಲೆ ಫೋನಿನಲ್ಲಿ ದುಡ್ಡು ಹಾಕುವ ಕಾಲ ಬಂತು ನೋಡಿ, ನನಗೆ ಹುಚ್ಚೇ ಹಿಡಿಯಿತು. ಸೊಪ್ಪಿನ ಅಜ್ಜಿಗೂ ಸ್ಕ್ಯಾನು, ಪಂಕ್ಚರ್ ಹಾಕುವವನಿಗೂ ಸ್ಕ್ಯಾನು. ಆ ಖುಷಿಯಲ್ಲೇ ನಾನೊಂದು ಕೆಟ್ಟ ಕೆಲಸ ಮಾಡಿಬಿಟ್ಟೆ. ಅವತ್ತು ಕೆ.ಆರ್.ಪೇಟೆಯ ಹೋಟೆಲಿನಲ್ಲಿ ಮುದ್ದೆ, ಸಾರು ಉಂಡೆವು. ಶೀಳನೆರೆಯವನ ಸರದಿ. ನಾನು ಕೈತೊಳೆಯುವ ನೆಪದಲ್ಲಿ ಎದ್ದುಹೋಗಿ, ಗಲ್ಲಾದ ಮೇಲಿನ ಸ್ಕ್ಯಾನರಿಗೆ ಫೋನು ಹಿಡಿದು ಬಿಲ್ಲು ಕಟ್ಟಿದೆ. ಪಕ್ಕದಲ್ಲಿದ್ದ ಡಬ್ಬಿ ಇಡೀ ಹೋಟೆಲಿಗೆ ಕೇಳುವಂತೆ ದುಡ್ಡು ಬಂತೆಂದು ಕೂಗಿತು. ಅವನು ಆಗಲೇ ಜೇಬಿನಿಂದ ನೋಟು ತೆಗೆದು ಕೈಯಲ್ಲಿ ಹಿಡಿದಿದ್ದ. ಹಾಗೇ ನಿಂತ.

"ನಮ್ಮೂರ್ಗೇ ಬಂದು ನನ್ ಮರ್ವಾದೆ ಕಳ್ದ್ಬುಟ್ಯಲ್ಲೋ" ಅಂದ.

ತಮಾಷೆ ಅಂದುಕೊಂಡೆ. "ಮೊದ್ಲು ಆ ಡಬ್ಬಾ ಫೋನ್ ಎಸ್ದು ಒಂದ್ ಒಳ್ಳೇದ್ ತಕೊಳ್ಲಾ. ಕಾಲ ಎಲ್ಲೋ ಹೋಗ್ಬುಡ್ತು, ನೀನಿನ್ನೂ ಕೊಟ್ಗೇಲೇ ಇದ್ದೀಯ" ಅಂದೆ.

ಹೋಟೆಲಿನಲ್ಲಿ ಕೂತಿದ್ದವರೆಲ್ಲರ ಮುಂದೆ ಹಾಗಂದಿದ್ದೆ, ಅವರಲ್ಲಿ ಇಬ್ಬರು ಅವನ ಡೇರಿಯವರು. ಅವನು ನೋಟನ್ನು ಮಡಚಿ ಜೇಬಿಗಿಟ್ಟುಕೊಂಡು ಬೈಕು ಹತ್ತಿದ. ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ನಾನು ಕರೆ ಮಾಡಿದರೆ ಎತ್ತುತ್ತಿರಲಿಲ್ಲ. ತೊಣ್ಣೂರಿನ ಕೆರೆ ಏರಿಯ ಮೇಲೆ ನಾವು ಮೂವರೇ ಕೂತು ಕಡಲೆಕಾಯಿ ತಿಂದ ದಿನ ನಾಲ್ಕನೆಯವನ ಪಾಲು ಪೊಟ್ಟಣದಲ್ಲೇ ಉಳಿಯಿತು. ಸ್ನೇಹ ಹೋಯಿತೆಂದೇ ಹೆದರಿದೆ. ಅವನ ಮನೆಗೆ ಹೋಗಿ ತಪ್ಪಾಯಿತು ಅನ್ನಲು ನನ್ನ ಕೊಬ್ಬು ಬಿಡಲಿಲ್ಲ.

ಅಷ್ಟರಲ್ಲಿ ಅವನೂ ಹೊಸ ಫೋನು ತೆಗೆದುಕೊಂಡನೆಂದು ನಾಗಮಂಗಲದವನು ಅವನನ್ನು ನಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿದ. ಅವನು ಎಲ್ಲವನ್ನೂ ನೋಡುತ್ತಿದ್ದ, ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಹೋದ ತಿಂಗಳು ನನ್ನ ಸರದಿ. ಪಾಲಹಳ್ಳಿಯ ನಮ್ಮ ಟೀ ಅಂಗಡಿಯಲ್ಲಿ ಮೂವರು ಬೋಂಡ ತಿಂದು, ಟೀ ಕುಡಿದು, ಸೆಲ್ಫಿ ತೆಗೆದು ಗುಂಪಿಗೆ ಹಾಕಿದೆವು. "ಒಂದ್ ಕುರ್ಚಿ ಖಾಲಿ ಐತೆ ಕಣ್ಲಾ" ಎಂದು ನಾನೇ ಬರೆದೆ. ಸ್ವಲ್ಪ ಹೊತ್ತಾದ ಮೇಲೆ ಫೋನು ಕೈಯಲ್ಲಿ ಹಿಡಿದು ಗಲ್ಲಾದ ಕಡೆ ಹೊರಟೆ. ಅಲ್ಲಿಗೆ ತಲುಪುವ ಮೊದಲೇ ಡಬ್ಬಿ ಕೂಗಿತು: "ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ!"

ಅಂಗಡಿಯಲ್ಲಿ ನಮ್ಮನ್ನು ಬಿಟ್ಟರೆ ಬೇರೆ ಗಿರಾಕಿಯೇ ಇಲ್ಲ. ತೊಣ್ಣೂರಿನವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಂಗಡಿಯವನು ತನ್ನ ಫೋನು ನೋಡಿ ಒಂದು ಹೆಸರು ಓದಿದ. ಶೀಳನೆರೆಯವನ ಹೆಸರು! ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯಲಾ?" ಎಂದು ಕಿರುಚಿದೆ.

"ಕೊಟ್ಗೇಲಿ" ಅಂದ. ಹಿಂದೆ ಹಸು ಅಂಬಾ ಅನ್ನುತ್ತಿತ್ತು. "ನೀವ್ ಹಾಕಿದ್ ಫೋಟೋದಲ್ಲಿ ನಿನ್ ತಲೆ ಹಿಂದ್ಗಡೆ ಗೋಡೆ ಮ್ಯಾಲೆ ಸ್ಕ್ಯಾನರ್ ಕಾಣ್ತಿತ್ತು. ಅದ್ನೇ ಸ್ಕ್ಯಾನ್ ಮಾಡಿ ದುಡ್ಡಾಕ್ದೆ. ಮಗ್ಳು ಹೇಳ್ಕೊಟ್ಟವ್ಳೆ. ಜಾಸ್ತಿ ಇದ್ರೆ ಇನ್ನೊಂದೊಂದ್ ಟೀ ಕುಡ್ಕಳ್ರಿ. ಏನ್ಲಾ, ನಿಮ್ಮೂರಲ್ಲಿ ನಿನ್ ಮರ್ವಾದೆ ಹೋಯ್ತಾ?"

ಗಲ್ಲಾದ ಮುಂದೆ ಫೋನು ಹಿಡಿದು ಬೆಪ್ಪನಂತೆ ನಿಂತಿದ್ದೆ. ನನ್ನೂರಿನ ಅಂಗಡಿಯವನು ಹಲ್ಲು ಕಿಸಿಯುತ್ತಿದ್ದ. ಅವತ್ತು ಕೆ.ಆರ್.ಪೇಟೆಯಲ್ಲಿ ಶೀಳನೆರೆಯವನಿಗೆ ಹೇಗಾಗಿತ್ತೆಂದು ಆಗ ತಿಳಿಯಿತು. ಚುರ್ ಅಂತು. ಆದರೂ ಕುಣಿಯುವಷ್ಟು ಸಂತೋಷ!

"ಹೋಯ್ತು ಕಣ್ಲಾ. ಪೂರ್ತಿ ಹೋಯ್ತು. ತಪ್ಪಾಯ್ತು" ಅಂದೆ.

"ಅಂಗಾರೆ ಮುಂದಿನ್ ಭಾನ್ವಾರ ಕೆ.ಆರ್.ಪೇಟೆ, ಅದೇ ಓಟ್ಲು. ಫೋನ್ ಮನೇಲ್ ಬುಟ್ಟು ಬಾ" ಅಂದ.

ಬಿಟ್ಟೇ ಹೋದೆ. ಆ ಜೇಬು ಕಿತ್ತ ಶರಟನ್ನೇ ಹಾಕಿಕೊಂಡು ಹೋಗಿದ್ದೆ, ನೋಟನ್ನು ಪ್ಯಾಂಟಿನಲ್ಲಿಟ್ಟುಕೊಂಡಿದ್ದೆ. ಬಿಲ್ಲು ಬಂದ ಕೂಡಲೇ ಹಳೆಯ ಅಭ್ಯಾಸದಂತೆ ಕೈ ಹಾಕಿದೆ. ಅವನು ತಟ್ಟನೆ ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಲ್ಲು ಕಟ್ಟಿ ಆದಮೇಲೂ ಬಿಡಲಿಲ್ಲ, ಹಾಗೇ ಹಿಡಿದುಕೊಂಡು ಬೈಕಿನವರೆಗೂ ಕರೆದುಕೊಂಡು ಬಂದ.