ಮಳೆಯ ಹೆಸರು ಕೇಳುವ ನೀಲಕ್ಕ

ಬೆಳಗಿನ ಆರು ಗಂಟೆ. ತೊಗರ್ಸಿಯ ಕೊನೆಯ ಕೇರಿಯಲ್ಲಿ ಆಶಾ ಕಾರ್ಯಕರ್ತೆ ನೀಲಾಂಬಿಕ ಒಂದು ಮನೆಯ ಚಿಲಕ ಬಡಿಯುತ್ತಿದ್ದಾರೆ. ಒಳಗೆ ಕುಕ್ಕರ್ ಕೂಗುತ್ತಿದೆ, ಮಾತೂ ಕೇಳುತ್ತಿದೆ, ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯುತ್ತಿಲ್ಲ. ಕೊನೆಗೆ ಕಿಟಕಿಯಿಂದ ಹೆಣ್ಣುದನಿ: "ನಮ್ಮನ್ಯಾಗೆ ಯಾರಿಗೂ ಮರೆವಿಲ್ಲ, ಮುಂದೆ ಹೋಗ್ರಿ!"

"ನೋಡಿದ್ರೇನ್ರಿ? ನಾನಿನ್ನೂ ಏನೂ ಕೇಳೇ ಇಲ್ಲ," ಎಂದು ನೀಲಕ್ಕ ನಗುತ್ತಾರೆ.

ಹದಿನಾರು ವರ್ಷಗಳಿಂದ ಬಸುರಿ, ಬಾಣಂತಿ, ಲಸಿಕೆ ಎಂದು ಇದೇ ಬಾಗಿಲುಗಳನ್ನು ತಟ್ಟಿದವರು. ಆಗೆಲ್ಲ ಚಹಾ ಕುಡಿಸದೆ ಯಾರೂ ಕಳಿಸಿದ್ದಿಲ್ಲ. ಈಗ ವಯಸ್ಸಾದವರ ಮರೆವಿನ ಕಾಯಿಲೆಯ ಬಗ್ಗೆ ತಿಳಿಹೇಳುವ ಕೆಲಸ ಹೆಗಲೇರಿದೆ. ದಿನಕ್ಕೆ ಹನ್ನೆರಡು ಮನೆ ಸುತ್ತಿದರೂ ನಾಲ್ಕು ಬಾಗಿಲು ತೆರೆದರೆ ಹೆಚ್ಚು.

ತಪ್ಪು ಊರಿನದೊಂದೇ ಅಲ್ಲ. ಮೈಕು ಕಟ್ಟಿದ ಆಟೋ "ಅಲ್ಝೈಮರ್, ಅಲ್ಝೈಮರ್" ಎಂದು ಕೂಗುತ್ತ ಹೋದಾಗ ಅರ್ಧ ಊರಿಗೆ ಕೇಳಿಸಿದ್ದು "ಜಮೀನು". ನೀಲಕ್ಕನ ಪುಸ್ತಕದಲ್ಲಿ ಹೆಸರು ಬಿದ್ದರೆ ಮುದುಕರ ಸಹಿ ನಡೆಯುವುದಿಲ್ಲ, ಹೊಲ ಕೈಬಿಟ್ಟಂತೆಯೇ ಎಂಬ ಗುಲ್ಲು ಸಂಜೆಯೊಳಗೆ ಹಬ್ಬಿತು. ಅದರ ಮೇಲೆ ಹುಲಿಯಪ್ಪನ ಪ್ರಸಂಗ ಬೇರೆ. ನೆನಪು ಪರೀಕ್ಷಿಸಲು ಈಗ ಯಾವ ತಿಂಗಳು ಎಂದು ಹೋದ ವರ್ಷ ನೀಲಕ್ಕ ಕೇಳಿದಾಗ ಆ ರೈತ "ಮಘೆ ಮಳೆ ನಡದೈತಿ" ಎಂದಿದ್ದರು. ರೈತರು ದಿನ ಎಣಿಸುವುದು ಮಳೆ ನಕ್ಷತ್ರದಿಂದ, ಆದರೆ ಫಾರಂನಲ್ಲಿ ಅದಕ್ಕೆ ಜಾಗವಿಲ್ಲ. ನೀಲಕ್ಕ ತಪ್ಪು ಎಂದು ಗುರುತು ಹಾಕಿದರು. ಶಿಕಾರಿಪುರದ ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿ, ಇವರಿಗೇನೂ ಆಗಿಲ್ಲ ಎಂದು ವಾಪಸ್ ಕಳಿಸಿದರು.

"ಅಯ್ಯೋ, ಮಾನ ಹೋತ್ರಿ! ಅವತ್ತು ಮಘೆ ಮಳೆನೇ ಇತ್ತು. ತಪ್ಪಿದ್ದು ನಂದು," ಎನ್ನುತ್ತಾರೆ ನೀಲಕ್ಕ.

ಮರುದಿನದಿಂದ ನೀಲಕ್ಕ ತಿಂಗಳ ಬದಲು ಮಳೆಯ ಹೆಸರು ಕೇಳತೊಡಗಿದರು. ಅದು ನಿಜಕ್ಕೂ ಕೆಲಸಕ್ಕೆ ಬಂದದ್ದು ಈ ಸಲದ ಪುಷ್ಯ ಮಳೆಯಲ್ಲಿ, ಬೆನಕಪ್ಪನವರ ಮನೆಯಲ್ಲಿ.

ಎಪ್ಪತ್ತಾರರ ಬೆನಕಪ್ಪ ಎರಡು ವರ್ಷಗಳಿಂದ ಊರಿಗೆಲ್ಲ ಹೇಳುತ್ತಿದ್ದುದು ಒಂದೇ: ಸೊಸೆ ಗಂಗಾಶ್ರೀ ನನ್ನ ಹೊಲದ ಪಹಣಿ ಕದ್ದಿದ್ದಾಳೆ. ಊರು ನಂಬಿತ್ತು. ನೀರು ಸೇದುವಲ್ಲಿ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ತವರಿಗೆ ಕಳಿಸುವ ಮಾತೂ ಎದ್ದಿತ್ತು. "ಸುಳ್ಳು ಯಾಕೆ ಹೇಳ್ಲಿ, ಆಕಿ ಮ್ಯಾಲೆ ನಂಗೂ ಅನುಮಾನ ಇತ್ತು," ಎಂದು ನೀಲಕ್ಕ ಒಪ್ಪಿಕೊಳ್ಳುತ್ತಾರೆ.

ಆ ದಿನ ನೀಲಕ್ಕನನ್ನು ಅಂಗಳದಲ್ಲೇ ತಡೆದದ್ದು ಬೆನಕಪ್ಪನವರ ಮಗ ರೇಣುಕಾಪ್ರಸಾದ್. "ಅಪ್ಪಗೆ ಏನೂ ಆಗಿಲ್ಲ ಅಕ್ಕಾರೆ. ನೀವು ಬರ್ಕೊಂಡು ಹೋದ್ರೆ ನಾಳೆ ಸಹಿ ನಡೀಬೇಕಲ್ರಿ?"

"ಈ ಪುಸ್ತಕ ಆಸ್ಪತ್ರೆಗೆ ಹೋಗ್ತತಿ, ತಾಲ್ಲೂಕು ಕಚೇರಿಗಲ್ಲ," ಎಂದು ನೀಲಕ್ಕ ಅದನ್ನು ಮುಚ್ಚಿ ಚೀಲಕ್ಕೆ ಹಾಕಿದರು. ಜಗಲಿಯ ಮೇಲಿದ್ದ ಮುದುಕನ ಪಕ್ಕ ಕೂತು ಕೇಳಿದರು: "ಅಜ್ಜಾ, ಈಗ ಯಾವ ಮಳೆ ನಡದೈತಿ?"

ಒಂದು ಕಾಲಕ್ಕೆ ಇಡೀ ಕೇರಿ ಬಿತ್ತನೆಗೆ ಮೊದಲು ಈ ಬೆನಕಪ್ಪನನ್ನೇ ಕೇಳುತ್ತಿತ್ತು. ಅವರು ಆಕಾಶ ನೋಡಿದರು. "ಭರಣಿ ಅಲ್ಲೇನವ್ವಾ? ಈ ಮಂದಿ ಇನ್ನೂ ಬೀಜನೇ ತೆಗ್ದಿಲ್ಲ."

ಭರಣಿ ಮುಗಿದು ಎರಡು ತಿಂಗಳ ಮೇಲಾಗಿತ್ತು. ಮಗನ ಕಾಲಿಗೆ ನಾಟಿ ಗದ್ದೆಯ ಕೆಸರು ಮೆತ್ತಿತ್ತು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ.

ನೀಲಕ್ಕ ನಿಧಾನವಾಗಿ ಹೇಳಿದರು. "ಈ ಕಾಯಿಲೆನೇ ಹಂಗಪ್ಪ. ತಾವೇ ಎಲ್ಲೋ ಇಟ್ಟು ಮರೀತಾರೆ. ಆಮೇಲೆ ಅನ್ನ ಹಾಕೋರ ಮ್ಯಾಲೇ ಅನುಮಾನ ಪಡ್ತಾರೆ."

ರೇಣುಕಾಪ್ರಸಾದ್ ಬಾಗಿಲ ಹಿಂದಿದ್ದ ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ. "ನಾನೂ ಇವಳ ಪೆಟ್ಟಿಗೆ ಹುಡುಕೀನಿ ಅಕ್ಕಾರೆ. ಒಂದ್ಸಲ ಅಲ್ಲ." ಗಂಗಾಶ್ರೀ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಪಾಪ, ಎರಡು ವರ್ಷದ ಅಳು ಅದು.

ಅದೇ ವಾರ ಬೆನಕಪ್ಪನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಸೊಸೆಯೇ. ಕಾಯಿಲೆ ಖಚಿತವಾಗಿ ಮಾತ್ರೆ ಶುರುವಾಗಿದೆ. ಹೋದ ನೆನಪು ಮರಳದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅನುಮಾನವೂ ಹೋಗಿಲ್ಲ, ವಿಳಾಸ ಬದಲಾಗಿದೆ ಅಷ್ಟೇ. ಈಗ ಬೆನಕಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಪಹಣಿ ಕದ್ದವಳು ಚೀಲದ ನೀಲವ್ವ ಎಂದು ದೂರುತ್ತಾರೆ.

ಬೇಸರವಾಗುವುದಿಲ್ಲವೇ ಎಂದರೆ ನೀಲಕ್ಕ ಚೀಲ ಹೆಗಲಿಗೇರಿಸಿ ಮುಂದಿನ ಮನೆಯತ್ತ ನಡೆಯುತ್ತಲೇ ಉತ್ತರಿಸುತ್ತಾರೆ. "ಅನ್ಲಿ ಬಿಡ್ರಿ, ನಾನೇ ಕಳ್ಳಿ ಆಗ್ತೀನಿ. ಆ ಹುಡುಗಿ ಈಗ ಮನ್ಯಾಗೆ ನೆಮ್ಮದಿಯಾಗಿ ಉಣ್ತಾಳೆ."