ಗಂಟೆಯ ಜಾಗದಲ್ಲಿ ಕೂತ ರಿಮೋಟು

ಮಿರಜದಲ್ಲಿ ಕೆಟ್ಟ ಆಂಪ್ಲಿಫಾಯರುಗಳನ್ನು ರಿಪೇರಿ ಮಾಡುವ ಬಸವಪ್ರಸಾದನಿಗೆ ಸುಮ್ಮನಿರುವುದು ಗೊತ್ತೇ ಇಲ್ಲ. ಚೆನ್ನಾಗಿರುವುದನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಅವನನ್ನು ಸಾಕಿ ಬೆಳೆಸಿದ ಗುರುಸಿದ್ಧಪ್ಪ ಕಾಕಾ ವಿಶ್ರಾಮಬಾಗದ ಮನೆಯಿಂದ ಸಾಂಗಲಿ ಪೇಟೆಯ ತಮ್ಮ ಅರಿಶಿನದ ಅಂಗಡಿಗೆ ಸೈಕಲ್ ಮೇಲೇ ಹೋಗುವವರು. ಹ್ಯಾಂಡಲಿಗೆ ಕಟ್ಟಿದ ಸ್ಪೀಕರಿನಲ್ಲಿ ಭಜನೆ ನಡೆಯುತ್ತಲೇ ಇರಬೇಕು. ಹಾಡು ಬದಲಿಸಲು ನಡುರಸ್ತೆಯಲ್ಲೇ ಜೇಬಿನ ಫೋನು ತೆಗೆಯುತ್ತಿದ್ದರು. ಅದನ್ನು ನೋಡಲಾರದೆ ಬಸವಪ್ರಸಾದ ಹಾಡು ಬದಲಿಸಲು, ದನಿ ಏರಿಸಲು ಹ್ಯಾಂಡಲಿಗೊಂದು ರಿಮೋಟು ಮಾಡಿಕೊಟ್ಟ.

ಎಲ್ಲಿ ಕೂರಿಸುವುದೆಂದು ಬಹಳ ತಲೆ ಕೆಡಿಸಿಕೊಂಡ. ಕೊನೆಗೆ ಎಡಗಡೆಯ ಗಂಟೆಯನ್ನು ಬಲಕ್ಕೆ ಸರಿಸಿ, ಆ ಜಾಗಕ್ಕೆ ರಿಮೋಟು ಹಾಕಿದ. ಕಾಕಾನ ಹೆಬ್ಬೆರಳು ತಾನಾಗಿಯೇ ಹೋಗುವ ಜಾಗ, ಕಣ್ಣು ರಸ್ತೆ ಬಿಡುವ ಮಾತೇ ಇಲ್ಲ. ಎಂಥ ತಲೆಯಪ್ಪ ನಂದು ಎಂದು ಬೀಗಿದ, ಪುಣ್ಯಾತ್ಮ.

ಒಂದು ದಿನ ಅವನು ಬೈಕಿನಲ್ಲಿ ಕಾಕಾನ ಹಿಂದೆಯೇ ಬರುತ್ತಿದ್ದ. ಪೇಟೆಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಗಂಟೆ ಕೇಳಿಸಲಿಲ್ಲ. ಭಜನೆಯ ದನಿ ಮಾತ್ರ ಏರಿತು, ಇನ್ನೂ ಏರಿತು, ಮತ್ತೂ ಏರಿತು. ಕಾಕಾ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡರು.

"ತೋಲ ತಪ್ಪಿ ವಾಲಿ ಬಿದ್ದೆ. ವಯಸ್ಸಾತು ನನಗ," ಅಂದರು ಕಾಕಾ ಮನೆಯಲ್ಲಿ.

"ಸಾಕ್ರಿ ಇನ್ನ ಆ ಸೈಕಲ್. ಬಾಜೂಮನಿ ಜಯಪಾಲಗ ಮಾರಿಬಿಡ್ರಿ," ಅಂದಳು ಕಾಕಾನ ಹೆಂಡತಿ ಸರುಬಾಯಿ.

ಬಸವಪ್ರಸಾದ ಬಾಯಿ ತೆರೆದ, ಮುಚ್ಚಿದ. ಹೇಡಿ! ಗುಟ್ಟಾಗಿ ರಿಮೋಟು ಬಿಚ್ಚಿ ಗಂಟೆಯನ್ನು ಮೊದಲಿನ ಜಾಗಕ್ಕೆ ಕೂರಿಸಿದನೇ ಹೊರತು ಒಂದು ಮಾತು ಹೇಳಲಿಲ್ಲ.

ಕಾಕಾ ಅಂಗಡಿಗೆ ಹೋಗುವುದನ್ನು ಬಿಟ್ಟರು. ಮೆಟ್ಟಿಲಿಳಿಯಲೂ ಗೋಡೆ ಹಿಡಿಯತೊಡಗಿದರು. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸದೆ ತುತ್ತು ಮುಟ್ಟುವವರಲ್ಲ ಅವರು. ಪ್ಲಾಸ್ಟರಿನ ಕೈ ಎತ್ತಿದಲ್ಲಿ ನಿಲ್ಲದು. ಹಾಗಾಗಿ ಬಸವಪ್ರಸಾದ ದಿನಾ ಬೆಳಿಗ್ಗೆ ಅದರ ಕೆಳಗೆ ತನ್ನ ಕೈ ಕೊಟ್ಟು ಕೂರುತ್ತಿದ್ದ. ಕಾಕಾ ಪೂಜೆಗೆ ಕಣ್ಣು ಮುಚ್ಚಿದರೆ ಇವನು ಮುಖ ಆಚೆ ತಿರುಗಿಸುತ್ತಿದ್ದ.

ಜಯಪಾಲ ಸೈಕಲ್ ಒಯ್ಯಲು ಬರುವ ದಿನವೂ ಬಂತು. ಅಂದಿನ ಪೂಜೆ ಮುಗಿಯಿತು. ಇವನು ಕೈ ತೆಗೆಯಲಿಲ್ಲ.

"ಕಾಕಾ, ತಪ್ಪ ನಿಮ್ಮದಲ್ಲರಿ. ನೀವು ಗಂಟಿ ಅಂತ ತಿಳದು ನನ್ನ ರಿಮೋಟ್ ಒತ್ತಿದ್ರಿ. ನಾ ಹಿಂದ ಇದ್ದೆ, ಕೇಳೇನಿ. ಹೇಳಾಕ ಧೈರ್ಯ ಆಗಲಿಲ್ಲರಿ."

ಕಾಕಾ ಅವನತ್ತ ತಿರುಗಿದರು.

"ಹಂಗಾರ ನಾ ಮುದುಕಾಗಿ ಬಿದ್ದಿಲ್ಲೇನೋ?"

"ಇಲ್ಲರಿ ಕಾಕಾ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತ. ಕಾಕಾ ಬೈಯಲಿಲ್ಲ. "ಸರೂ, ಜಯಪಾಲಗ ಬರಬ್ಯಾಡ ಅಂತ ಫೋನ್ ಮಾಡು," ಎಂದು ಒಳಗೆ ಕೂಗಿ ಎದ್ದರು. ಗೋಡೆ ಹಿಡಿಯುವುದನ್ನು ಮರೆತು ಸರಸರನೆ ಮೆಟ್ಟಿಲಿಳಿದು ಸೈಕಲ್ಲಿನ ಹತ್ತಿರ ಹೋದರು, ಎಡಗಡೆಯ ಗಂಟೆಯನ್ನು ಬಲಗೈಯಿಂದ ಬಾರಿಸಿ ನೋಡಿದರು.

ಇಷ್ಟು ದಿನ ಈ ಮನುಷ್ಯನನ್ನು ಮುದುಕನನ್ನಾಗಿ ಕೂರಿಸಿದ್ದು ತನ್ನ ಮುಚ್ಚಿದ ಬಾಯಿಯೇ ಎಂದು ಬಸವಪ್ರಸಾದನಿಗೆ ಆಗ ತಿಳಿಯಿತು. ಕೂತಲ್ಲೇ ಅತ್ತುಬಿಟ್ಟ.